ಹದಿಮೂರನೆಯ ಫಾರಮು

ಪಾನಶೇತ ಒಡೆದ ವರ್ಷ
ಲಕಡಿ ಪೂಲಿನ ಈಚೆಗಿದ್ದ ವಾಚನಾಲಯದ
ಇಂಗ್ಲಿಷ್ ಕಪಾಟುಗಳೆಲ್ಲ ನೀರು ಕುಡಿದು ಉಬ್ಬಿ
ಬಾಗಿಲು ಒಡೆದುಕೊಂಡು ಹೊರಗೆ ಬಿದ್ದವು.
ಮೊದಲ ಮಹಾಯುದ್ಧದ ಆಚೀಚೆ ಲಂಡನ್ನಿನಲ್ಲಿ ಅಚ್ಚಾದವು,
ಈಗ ಒಂದರ ಮೈಮೇಲೆ ಒಂದು:
ಆರಾಣೆಯ ಕೊಲೆ ಕತೆ, ಅರ್ಥವಾಗದ ಕವಿತೆ,
ಮಂಜಿನಲ್ಲಿ ಕಳುವಾದ ಮುತ್ತಿನ ಸರ,
ಪೂರ್ಣವಿರಾಮದ ಮುಖ ಕಾಣದ ಕಾದಂಬರಿ.
ಎಲ್ಲಕ್ಕೂ ಒಂದೇ ಕೆಸರು.

ಕೈಗಾಡಿಗೆ ಹೇರಿ ರವಿವಾರ ಪೇಠೆಗೆ ಎಳೆದವನು ನಾನು,
ಬಿ.ಎ. ಎರಡನೆಯ ವರ್ಷ, ಇಂಗ್ಲಿಷ್ ಮೇಜರ್,
ತಿಂಗಳಿಗೆ ಹನ್ನೆರಡು ರೂಪಾಯಿಯ ಗುಮಾಸ್ತ.
ಮಾಳಿಗೆಯ ಮೇಲೆ ಇಮಾಮಸಾಬ ಜಿಲ್ದಗಾರ.
ಊರು ಇಂಡಿ ತಾಲೂಕು. ನನ್ನ ಕನ್ನಡ ಕೇಳಿದ್ದೇ
ಮೈದಾ ಅಂಟಿನ ಬೋಗುಣಿ ಬದಿಗಿಟ್ಟು ಚಾ ತರಿಸಿದ.
ಅವನಿಗೆ ಇಂಗ್ಲಿಷ್ ಓದಲು ಬಾರದು. ಎಣಿಸಲು ಬರುತ್ತದೆ:
ಹದಿನಾರು ಪುಟಕ್ಕೊಂದು ಫಾರಮು,
ಅಡಿಯಲ್ಲಿ ಇರುವೆಯಷ್ಟು ಅಂಕಿ.
ಧೋತರ ಒಣಹಾಕಿದಂತೆ ತಂತಿಗೆ ಒಣಹಾಕಿದ.
ಶ್ರಾವಣ. ಬಿಸಿಲು ಬಂದರೂ ಓಡಬೇಕು,
ಮೋಡ ಬಂದರೂ ಓಡಬೇಕು.

ಮುಂದಿನ ಟರ್ಮಿನಲ್ಲಿ
ಪ್ರೊಫೆಸರ್ ಸಹಸ್ರಬುದ್ಧೆ ಆ ಕಾದಂಬರಿ ಹಿಡಿದು ಬಂದರು.
ಒಬ್ಬಳು ಚಾದರ ಮಡಚುತ್ತಾಳೆ, ಮಡಚುತ್ತಲೇ ಇರುತ್ತಾಳೆ
ಮುನ್ನೂರು ಪುಟ. ನೂರಾ ತೊಂಬತ್ತಮೂರರಲ್ಲಿ ಮಾತ್ರ
ಇದ್ದಕ್ಕಿದ್ದಂತೆ ಒಬ್ಬ ಇನ್ಸ್‌ಪೆಕ್ಟರು
ಒದ್ದೆ ಟೋಪಿ ತೆಗೆದು ಕೇಳುತ್ತಾನೆ:
‘ಸಂಜೆ ಆರೂಕಾಲಿಗೆ ತಾವೆಲ್ಲಿದ್ದಿರಿ?’
‘ಗಮನಿಸಿ,’ ಸರ್ ಕನ್ನಡಕ ಒರೆಸಿದರು,
‘ಈತ ಮನುಷ್ಯನಲ್ಲ, ಕಾಲ.
ಅವಳ ಪ್ರಜ್ಞೆಯನ್ನು ಪಾಟೀಸವಾಲಿಗೆ ನಿಲ್ಲಿಸಿದ್ದಾನೆ.’
ಒಂದು ಗಂಟೆ. ಎಲ್ಲರೂ ಬರೆದುಕೊಂಡೆವು,
ಗಾಡಿ ಎಳೆದ ನಾನೂ.
ಪರೀಕ್ಷೆಯಲ್ಲಿ ಅದೇ ಬಂತು. ಅರವತ್ತೆರಡು ಅಂಕ.

ಕೊಲೆಯ ಪುಸ್ತಕ ಮರಳಿದ್ದು ಮಾರ್ಚಿನಲ್ಲಿ.
ಒಯ್ದಿದ್ದವಳು ಕ್ಯಾಂಪಿನ ಎಸ್ಪೆರಾನ್ಸ ಮಿನೇಜಿಸ್,
ಟ್ರಂಕ್ ಎಕ್ಸ್‌ಚೇಂಜಿನ ಆಪರೇಟರ್.
ಎಲ್ಲರನ್ನೂ ದಿವಾನಖಾನೆಯಲ್ಲಿ ಕೂಡಿಸಿ
ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಳ್ಳುವಲ್ಲಿ
ಪುಟ ತಿರುವಿದರೆ
ಚಾದರದ ಒಂದು ತುದಿ.
ಅಂಚಿನಲ್ಲಿ ಪೆನ್ಸಿಲ್: ‘ಕೊಂದದ್ದು ಯಾರು?
ಇದು ಮೋಸ. ಚಂದಾ ವಾಪಸು ಕೊಡಿ.’
ನಾಲ್ಕು ಪುಟ ಬಿಟ್ಟು: ‘ಇವಳು ಯಾರು?’
ಫಾರಮಿನ ಕೊನೆಗೆ, ಒತ್ತದೆ ಬರೆದ ಅಕ್ಷರ:
‘ಮಮ್ಮಾ ಹೀಗೇ ಮಡಚುತ್ತಿದ್ದಳು.
ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತಿತ್ತು.’

ಎರಡನ್ನೂ ಮಾಳಿಗೆಗೆ ಒಯ್ದೆ.
ಇಮಾಮಸಾಬ ಬೆರಳು ಒದ್ದೆ ಮಾಡಿ ಎಣಿಸಿ ನಕ್ಕ.
‘ತಪ್ಪ ಆಗೇತಿ ನೋಡ್ರಿ. ಅದೂ ಹದಿಮೂರು, ಇದೂ ಹದಿಮೂರು.
ಒಂದಾ ಅಳತಿ, ಒಂದಾ ಕಾಗದ.
ಗೋಕುಲಾಷ್ಟಮಿಗೂ ಇಮಾಮಸಾಬಗೂ ಏನ ಸಂಬಂಧ
ಅಂತ ಮಂದಿ ಕೇಳ್ತಾರಲ್ಲ?
ದಾರದ್ದ ಸಂಬಂಧರೀ.
ಬಿಚ್ಚಿ ಹೊಲೀಲೇನು?’
ಚೂರಿ ಕೈಗೆ ತಗೊಂಡಿದ್ದ.
ಪೆನ್ಸಿಲಿನ ವಿಷಯ ನಾನು ಅವನಿಗೆ ಹೇಳಲಿಲ್ಲ.
‘ಇರಲಿ,’ ಅಂದೆ, ‘ಎರಡು ದಿನ ಇರಲಿ.’

ಆ ರಾತ್ರಿ ಇನ್ಸ್‌ಪೆಕ್ಟರನ ಹದಿನಾರು ಪುಟ ಓದಿ ಮುಗಿಸಿ
ಮರುದಿನ ಇರಾನಿ ಹೋಟೆಲಿನ ಫೋನೆತ್ತಿ
ಟ್ರಂಕ್ ಬುಕಿಂಗ್ ಕೇಳಿದೆ.
‘ಎಸ್ಪೆರಾನ್ಸ ಅವರೇ?’
‘ಹೆಸರು ಹೇಳುವ ನಿಯಮವಿಲ್ಲ.’
‘ಕೊಂದವಳು ಪಿಯಾನೋ ಟೀಚರು.
ಕೈಗವಸು ನೀರಿನ ಹೂಜಿಯಲ್ಲಿತ್ತು.’
ತಂತಿಯ ಆಚೆ ಬೇರೆ ಯಾರೋ ಬೇರೆ ಯಾರಿಗೋ
ಸೊಲ್ಲಾಪುರ, ಸೊಲ್ಲಾಪುರ ಎಂದು ಕೂಗುತ್ತಿದ್ದರು.
‘ಗೊತ್ತಿತ್ತು,’ ಅಂತು ದನಿ.
ಆಮೇಲೆ, ಮೂರು ನಿಮಿಷದ ದುಡ್ಡು ಮುಗಿಯುವ ಮೊದಲು:
‘ಈಗ ಹೇಳಿ.
ಯಾವ ಊರು ಬೇಕು?’