ಒಂದು ಚೌಕ ಐದಡಿ

ಮಂಡ್ಯದ ನೂರಡಿ ರಸ್ತೆ, ಜೆರಾಕ್ಸ್ ಅಂಗಡಿಯ ಅಟ್ಟ.
ದಾಕ್ಷಾಯಿಣಿ ಪಾತಾಳದ ನಕ್ಷೆ ಬಿಡಿಸಿದ್ದಾಳೆ
ಅಪ್ಪನ ಸರ್ವೆ ಆಫೀಸಿನ ರದ್ದಾದ ಹಾಳೆಯ ಬೆನ್ನಿಗೆ.
ತೆಳ್ಳನೆ ಹಾಳೆ. ಆಚೆ ಮಗ್ಗುಲಿಂದ ಮೂಡುತ್ತದೆ
ಯಾರದೋ ಗದ್ದೆಯ ಬದು, ತೂಬು, ನಾಲೆ.
ಹಾಗಾಗಿ ನಮ್ಮ ಪಾತಾಳಕ್ಕೂ ಒಂದು ನಾಲೆ.

ಒಂದು ಚೌಕ ಐದಡಿ.
ನೂರುಲ್ಲಾನ ಮಂತ್ರವಾದಿ, ಚೆಸ್ಸಿನ ಮೂತಿಮುರುಕ ಒಂಟೆ.
ನನ್ನ ಬಿಲ್ಲುಗಾತಿ ಎಂ-ಸೀಲಿನವಳು,
ಒಣಗುವ ಮೊದಲೇ ಬಿಲ್ಲು ಸೊಟ್ಟಗಾದವಳು.
ಜವರೇಶನಿಗೆ ಸೋಡಾ ಮುಚ್ಚಳವೇ ಸಾಕಂತೆ.
ಹುಣಸೆಬೀಜದ ರಕ್ಕಸರು ಹದಿನಾಲ್ಕು;
ಹದಿನೈದನೆಯವನನ್ನು ಅವನೇ ಅಗಿದುಬಿಟ್ಟ.

"ನಾನ್ ಬಾಗ್ಲತ್ರನೇ ಇದ್ದೆ ಕಣಕ್ಕ."
ಅವಳು ಸ್ಕೇಲಿನ ತುದಿಯಲ್ಲಿ ಎಣಿಸುತ್ತಾಳೆ: ಏಳು ಚೌಕ ದೂರ.
ಮನಸ್ಸಿನಲ್ಲಿ ಇದ್ದದ್ದು ಲೆಕ್ಕಕ್ಕಿಲ್ಲ.
ಬದು ಒತ್ತಿದವರೂ ಅಪ್ಪನ ಮುಂದೆ
ಹೀಗೇ ಅನ್ನುತ್ತಿದ್ದರಂತೆ.

ಕರೆಂಟು ಹೋಯಿತು.
ಯಾರೂ ಮೊಬೈಲಿನ ಬೆಳಕು ಹಾಕಲಿಲ್ಲ, ಯಾಕೋ.
ದನಿಯಲ್ಲೇ ನಡೆದೆವು. ನಾಲೆ ಅಗಲವಾಯಿತು,
ಸೊಂಟದವರೆಗೆ ತಣ್ಣಗೆ ಬಂತು,
ಯಾವುದೋ ಊರಿನ ಕಬ್ಬಿನ ಸೋಗೆ ತೇಲಿಹೋಯಿತು.
ಜವರೇಶ ಕೈ ಹಿಡಿದು ದಾಟಿಸಿದ,
ಬಿಲ್ಲುಗಾತಿಯ ಕೈ.
ಅದು ಯಾರದೆಂದು ಕತ್ತಲಲ್ಲಿ ಯಾರೂ ಕೇಳಲಿಲ್ಲ.

ಬೆಳಕು ಬಂದಾಗ
ಒಂಟೆ, ಎಂ-ಸೀಲು, ಮುಚ್ಚಳ
ಇದ್ದ ಚೌಕದಲ್ಲೇ, ಈಚೆ ದಡದಲ್ಲೇ, ಪೆಚ್ಚಾಗಿ ನಿಂತಿದ್ದವು.
ದಾಟಿ ಬಂದ ನಾವು ಅವನ್ನೇ ನೋಡಿದೆವು.
ಸರಿಸಲು ಕೈ ಚಾಚಿದೆ; ಅವಳು ತಡೆದಳು.
ಗೊಂಬೆ ಮುಟ್ಟಲಿಲ್ಲ.
ರಬ್ಬರು ತೆಗೆದುಕೊಂಡು ನಾಲೆಯನ್ನೇ ಉಜ್ಜಿ
ಅವುಗಳ ಹಿಂದಕ್ಕೆ ಎಳೆದಳು ಹೊಸದನ್ನು.

ಅಪ್ಪನ ನಾಲೆ ಮಾತ್ರ
ಹಾಳೆಯ ಆಚೆಯಿಂದ
ಇನ್ನೂ ಕಾಣುತ್ತಿತ್ತು.