ಏಳು ಎಂದರೆ

‘ಮೀಟರ್_ಸ್ಥಿತಿ’ ಎಂಬ ಅಂಶಕ್ಕೆ
ಒಂದರಿಂದ ಒಂಬತ್ತರವರೆಗೆ ಬೆಲೆ.
ಕೆಟ್ಟಿದೆ, ಸೋರುತ್ತಿದೆ, ಬೀಗ ಹಾಕಿದೆ —
ಉಳಿದವಕ್ಕೆಲ್ಲ ಅರ್ಥ ಸಿಕ್ಕಿತು.
ಏಳಕ್ಕೆ ಇಲ್ಲ.

ಈ ಸ್ಕೀಮಾದ ಮುಂದೆ ನನಗಿಂತ ಮೊದಲು ಕೂತಿದ್ದ ನಫೀಸಾ
ಒಂದೇ ಸಾಲು ಬಿಟ್ಟುಹೋಗಿದ್ದಾಳೆ:
‘ಅಳಿಸಬೇಡಿ. ಲೂರ್ದುಸ್ವಾಮಿಯವರನ್ನು ಕೇಳಿ.’

ಕಾಕ್ಸ್ ಟೌನಿಗೆ ಹೋದೆ.
ಮಾರ್ಕೆಟ್ಟಿನ ಹಿಂದೆ, ಗೇಟಿನ ಪಕ್ಕ,
ಚಪ್ಪಡಿ ಎತ್ತಿ ಮೀಟರಿನ ಗಾಜು ಒರೆಸುತ್ತಿದ್ದವರು
ಹಲ್ಲಿಂದ ಟಾರ್ಚು ತೆಗೆದರು.
‘ಏಳಾ?
ಮೀಟರ್ ಸರಿಗಿದೆ, ನೀರೂ ಓಡ್ತಾ ಇದೆ.
ಮನೇಲಿ ಸಾವಾಗಿದೆ.
ಅಂಥ ದಿನ ಬಿಲ್ ಹರಿದು ಕೈಗೆ ಕೊಡಕ್ಕಾಗತ್ತಾ ಮೇಡಂ?’

ಸಂಜೆ ಆ ಏಳರ ಕೆಳಗೆ
ಟಿಪ್ಪಣಿಯ ಆವರಣ ತೆರೆದೆ,
ಭಾಷೆ: ಕನ್ನಡ ಎಂದು ಗುರುತು ಹಾಕಿದೆ.
ಯಂತ್ರ ಇದನ್ನು ಓದುವುದಿಲ್ಲ, ಗೊತ್ತು.
ತಾಳೆ ನೋಡುತ್ತ ಬಂದು, ಇಲ್ಲಿ ಮಾತ್ರ
ಸುಮ್ಮನೆ ದಾಟಿಹೋಗುತ್ತದೆ,
ಶಾಮಿಯಾನ ಹಾಕಿದ ಮನೆ ಮುಂದೆ
ಹಾರನ್ ಒತ್ತದ ಆಟೋದ ಹಾಗೆ.

‘ಏಳು: ಮನೆಯಲ್ಲಿ ಸಾವು. ಬಿಲ್ಲು ತಡೆಯುವುದು.’

ಎಷ್ಟು ದಿನ?
ಬೆರಳು ಅಲ್ಲೇ ನಿಂತಿತು.
ಹನ್ನೊಂದು, ಹದಿಮೂರು, ನಲವತ್ತು...
ಕೇಳಿದ್ದೆ ಅವರನ್ನ. ಚಪ್ಪಡಿ ಮುಚ್ಚುತ್ತ
‘ಅದು ಮನೆ ನೋಡಿ’ ಅಂದಿದ್ದರು.

ಅದನ್ನೂ ಹಾಗೇ ಬರೆದೆ.