ಹೆಸರಿಗೆ ಮಾತ್ರ

ಕೂತುಕೊಳ್ಳಿ. ಆ ಕುರ್ಚಿಯ ಕಾಲು ಸಡಿಲ, ಈ ಕಡೆ ಬನ್ನಿ.
ಹೌದು, ನಾನೇ ವೆಲ್ತಾ ಗ್ರಾವೀತೆ.
ರೀಗಾದ ಏಳನೇ ನಂಬರಿನ ಟ್ರಾಮು
ಮೂವತ್ತೊಂದು ವರ್ಷ ಓಡಿಸಿದವಳು.
ಮೊಣಕಾಲು ಎರಡೂ ಹೋದವು, ಪಿಂಚಣಿ ಬಂತು.
ಬಂದಷ್ಟೇ ಬೇಗ ಅದೂ ಹೋಗುತ್ತಿತ್ತು.

ನನಗೆ ವಿಮಾನ ಇದೆ ಅಂತೀರಿ.
ನಾಲ್ಕು ಇಂಜಿನ್ನಿನದು, ಸರಕಿನದು.
ನಗಬೇಕೋ ಬೇಡವೋ, ನೀವೇ ಹೇಳಿ.
ಈ ಕಟ್ಟಡಕ್ಕೆ ಐದು ಮಹಡಿ, ಲಿಫ್ಟಿಲ್ಲ;
ನಾನು ಏರಿದ ಎತ್ತರ ಅಷ್ಟೇ.

ಗುಂತಿಸ್ ಬರುತ್ತಿದ್ದ, ತಂಗಿಯ ಮಗ,
ಗುರುವಾರ ಸಂಜೆ, ಕಂಕುಳಲ್ಲಿ ಕಾಗದದ ಕಟ್ಟು.
"ಹೆಸರಿಗೆ ಮಾತ್ರ, ದೊಡ್ಡಮ್ಮ" ಎನ್ನುತ್ತಿದ್ದ.
ಹಳದಿ ಚೀಟಿ ಅಂಟಿಸಿದಲ್ಲೆಲ್ಲ ಸಹಿ.
ಒಂದು ಸಹಿಗೆ ಹದಿನೈದು ಯೂರೋ,
ಮೇಲೆ, ಹೊಗೆ ಹಿಡಿಸಿದ ಮೀನಿನ ಡಬ್ಬಿ ಒಂದು.

ಹೆಸರಿಗೆ ನಾನು ಹಾಲಿನ ಪುಡಿ ಕಂಪನಿಯ ಒಡತಿ.
ಹೆಸರಿಗೆ ತೋಟದ ಪಂಪು, ಹೆಸರಿಗೆ ಮರದ ದಿಮ್ಮಿ,
ಹೆಸರಿಗೆ ಸೈಪ್ರಸ್ಸಿನಲ್ಲಿ ಒಂದು ಕಚೇರಿ. ಅಲ್ಲಿರುವುದು
ಟಪಾಲು ಬೀಳುವ ತಗಡಿನ ಪೆಟ್ಟಿಗೆ ಒಂದೇ ಅಂತೆ,
ಅದಕ್ಕೂ ಮತ್ತೊಂದು ಕಂಪನಿಯ ಬೀಗ,
ಆ ಕಂಪನಿಗೂ ನಾನೇ ಒಡತಿ.
ನನ್ನ ಕಚೇರಿಗೆ ನಾನೇ ಬಾಡಿಗೆಯವಳು,
ನನಗೆ ನಾನೇ ಸಾಲ ಕೊಟ್ಟವಳು,
ಒಮ್ಮೆ ನನ್ನ ಮೇಲೆ ನಾನೇ ದಾವೆ ಹೂಡಿ
ಸೋತೆನಂತೆ. ಗೊತ್ತೇ ಇರಲಿಲ್ಲ.

ಗೊತ್ತಿರಲಿಲ್ಲ ಅಂತ ಬರೆದುಕೊಂಡಿರಾ?
ಒಂದು ನಿಮಿಷ. ಅದನ್ನು ಹೊಡೆದುಹಾಕಿ.

ಒಂದು ಗುರುವಾರ, ಚೀಟಿ ಅಂಟಿಸಿದ ಜಾಗ ತಪ್ಪಿ
ಮೇಲಿನ ಸಾಲಿಗೆ ಕಣ್ಣು ಹೋಯಿತು.
ಹನ್ನೊಂದು ಟನ್ನು ಹಾಲಿನ ಪುಡಿ,
ಅದಕ್ಕೆ ಯುದ್ಧದ ಅಪಾಯದ ವಿಮೆ.
"ಹಾಲಿಗೆ ಯಾರಪ್ಪ ಗುಂಡು ಹೊಡೀತಾರೆ?" ಅಂದೆ.
ಅವನು ನಕ್ಕ. ನಕ್ಕದ್ದು ತುಸು ತಡವಾಗಿ.
ಮುಂದಿನ ವಾರ ಬಟ್ಟೆ ಒಗೆಯುವ ಯಂತ್ರ ಬಂತು.
ಅಗೋ, ಅದೇ. ಹಿಂಡುವಾಗ ಗಡಗಡ ನಡುಗುತ್ತ
ಗೇಣು ಗೇಣಾಗಿ ಬಾಗಿಲ ಕಡೆ ನಡೆಯುತ್ತದೆ;
ಬೆನ್ನು ಕೊಟ್ಟು ನಿಲ್ಲುತ್ತೇನೆ.
ಆಮೇಲೆ ಮೇಲಿನ ಸಾಲು ಓದಲಿಲ್ಲ.

ಟ್ರಾಮಿನಲ್ಲಿ ಹೀಗಿರಲಿಲ್ಲ ನಾನು.
ಹಿಂದಿನ ಬಾಗಿಲಿಗೆ ಯಾರ ಕೋಟಿನ ತುದಿ ಸಿಕ್ಕಿದೆಯೋ
ಕನ್ನಡಿಯಲ್ಲಿ ನೋಡದೆ ಗಂಟೆ ಬಾರಿಸಿದವಳಲ್ಲ.

ಗುಂತಿಸ್ ಫೋನು ಎತ್ತುತ್ತಿಲ್ಲ, ನಾಲ್ಕು ತಿಂಗಳಾಯಿತು.
ಒಳಗೇನೂ ಇಲ್ಲದ ಚಿಪ್ಪು ಅಂತೀರಲ್ಲ ಇಂಥ ಕಂಪನಿಗೆ,
ಕಡೆಗೆ ಅದನ್ನೇ ನನ್ನ ಕೈಗೆ ಕೊಟ್ಟು ಹೋದ.

ಈ ಫೋಟೋ ಎಲ್ಲಿಯದು ಅಂದಿರಿ?
ಆ ಊರಿನ ಹೆಸರು ನಾಲಿಗೆಗೆ ಹತ್ತುತ್ತಿಲ್ಲ.
ಕೆಂಪು ಮಣ್ಣು. ಒಬ್ಬಳು ಈರುಳ್ಳಿ ಮಾರುತ್ತಿದ್ದಾಳೆ,
ಮೂರರ ಮೇಲೊಂದು, ಮೂರರ ಮೇಲೊಂದು, ಗುಡ್ಡೆ ಮಾಡಿ.
ಗುಡ್ಡೆಯ ಕೆಳಗೆ ಹಸಿರು ಪೆಟ್ಟಿಗೆ,
ಹಲಗೆಯ ಮೇಲೆ ನನ್ನ ಹಾಲಿನ ಕಂಪನಿಯ ಹೆಸರು,
ಬಿಳಿ ಬಣ್ಣ, ಅಚ್ಚಿಟ್ಟ ಅಕ್ಷರ.
ಒಳಗಿದ್ದದ್ದು ಎಲ್ಲಿ ಹೋಯಿತೆಂದು ನೀವು ಹೇಳುವುದು ಬೇಡ,
ಅವಳ ಹಿಂದಿನ ಗೋಡೆ ಇದೆಯಲ್ಲ.

ಗಟ್ಟಿ ಪೆಟ್ಟಿಗೆ, ಬಿಸಾಡಲಿಲ್ಲ ಅವಳು.
ನಾನಾದರೂ ಬಿಸಾಡುತ್ತಿರಲಿಲ್ಲ.
ಅವಳ ಹೆಸರೇನು? ಎಲ್ಲೂ ಬರೆದಿಲ್ಲವೇ?
ನನ್ನದು ನಲವತ್ತಾರು ಕಡೆ ಇದೆ.

ಸರಿ, ಎಲ್ಲಿ ಸಹಿ?
ಓ, ನೀವೂ ಹಳದಿ ಚೀಟಿ ಅಂಟಿಸಿದ್ದೀರಿ.
ಪೆನ್ನು ಅಲ್ಲಿಡಿ. ಕನ್ನಡಕ ಒರೆಸಿಕೊಳ್ಳುತ್ತೇನೆ.
ಆರು ಪುಟ ಇದೆ, ನಿಧಾನಕ್ಕೆ ಓದುವವಳು ನಾನು.
ಹೊರಗೆ ಏಳನೇ ನಂಬರು ತಿರುವಿನಲ್ಲಿ ಕಿರುಚುತ್ತಿದೆ.
ಹೊಸ ಹುಡುಗ ಇರಬೇಕು,
ಬ್ರೇಕು ತಡವಾಗಿ ಹಿಡಿಯುತ್ತಾನೆ.